ಐದನೇ ಜಾಡಿ

ಪ್ರಾಣಿಶಾಸ್ತ್ರದ ಮೇಡಂ ಪರೀಕ್ಷೆಯ ದಿನ ಬೆಳಿಗ್ಗೆ ಎದ್ದಾಗಲೇ ಸುಸ್ತಾಗಿದ್ದರು. ಜ್ವರದ ಸುಸ್ತಲ್ಲ, ನಿದ್ದೆಗೆಟ್ಟ ಸುಸ್ತೂ ಅಲ್ಲ. ಒಂದೇ ಪಾಠವನ್ನು ಒಂದೇ ಕೋಣೆಯಲ್ಲಿ ನಿಂತು ವರ್ಷಾನುಗಟ್ಟಲೆ ಒದರಿದವರಿಗೆ ಮಾತ್ರ ಬರುವ ಸುಸ್ತು ಅದು. ಯಾವ ಡಾಕ್ಟರೂ ಅದಕ್ಕೆ ಮಾತ್ರೆ ಬರೆದುಕೊಡುವುದಿಲ್ಲ. ಹೋಗಿ ಕೇಳಿದರೆ "ವಯಸ್ಸಾಯ್ತಲ್ಲ ಮೇಡಂ" ಎಂದು ನಗುತ್ತಾರೆ, ಅಷ್ಟೆ.

ಕಾರ್ಡೇಟುಗಳ ಪಾಠವನ್ನು ಅವರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವರಾಗಿದ್ದರು. ಒಂದು ಪ್ರಾಣಿ ಕಾರ್ಡೇಟ್ ಎನಿಸಿಕೊಳ್ಳಬೇಕಾದರೆ ಮುಖ್ಯವಾಗಿ ನಾಲ್ಕು ಗುಣ ಇರಬೇಕು. ಬೆನ್ನಿನುದ್ದಕ್ಕೂ ನೋಟೋಕಾರ್ಡ್ ಎಂಬ ಬಾಗುವ ಕೋಲು, ಅದರ ಮೇಲೊಂದು ಟೊಳ್ಳಾದ ನರದ ಹುರಿ, ಗಂಟಲಿನಲ್ಲಿ ಕಿವಿರಿನ ಸೀಳುಗಳು, ಗುದದಿಂದಾಚೆಗೂ ಚಾಚಿದ ಬಾಲ. ಇಷ್ಟೂ ಸಾಯುವವರೆಗೆ ಇರಲೇಬೇಕೆಂದಿಲ್ಲ, ಬದುಕಿನ ಯಾವುದಾದರೊಂದು ಹಂತದಲ್ಲಿ ಇದ್ದರೆ ಸಾಕು. ಮನುಷ್ಯನಿಗೂ ತಾಯಿಯ ಹೊಟ್ಟೆಯಲ್ಲಿದ್ದಾಗ ಬಾಲವಿರುತ್ತದೆ. ಇಲ್ಲಿಗೆ ಬಂದಾಗ ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಮೇಡಂ, ನಮ್ ಪ್ರಿನ್ಸಿಪಾಲರಿಗೆ ಬೆನ್ನೆಲುಬೇ ಇಲ್ವಲ್ಲ, ಅವ್ರನ್ನ ಯಾವುದಕ್ಕೆ ಸೇರಿಸೋದು?" ಎಂದು ಕೇಳುತ್ತಿದ್ದ. ಪ್ರಪಂಚದಲ್ಲಿ ಈ ಜೋಕು ಹೊಳೆದದ್ದು ತನಗೊಬ್ಬನಿಗೇ ಎಂಬ ಖುಷಿ ಅವನ ಮುಖದ ಮೇಲೆ. ಮೊದಮೊದಲು ಮೇಡಂ ಜೋರಾಗಿ ನಗುತ್ತಿದ್ದರು. ಆಮೇಲೆ ಮುಗುಳ್ನಗೆಗೆ ಇಳಿಸಿದರು. ಈಗೀಗ ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ಹುಡುಕುತ್ತಾರೆ.

ಆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರಕ್ಕೆ ಇದ್ದವರು ಅವರೊಬ್ಬರೇ. ಮನೆಯಲ್ಲಿ ಇದ್ದವಳೂ ಒಬ್ಬಳೇ, ಅಣ್ಣನ ಮಗಳು ಚೂಟಿ. ಅಣ್ಣ ಎರಡನೇ ಮದುವೆಯಾಗಿ ಹೊಸ ಸಂಸಾರ ಹೂಡಿದಾಗ ಹಳೆಯ ಸಂಸಾರದ ಈ ಒಂದು ತುಣುಕನ್ನು ತಂಗಿಯ ಮಡಿಲಿಗೆ ಹಾಕಿ ಕೈತೊಳೆದುಕೊಂಡಿದ್ದ. "ಸ್ವಲ್ಪ ದಿನ ನೋಡ್ಕೊ" ಅಂದಿದ್ದ. ಆ ಸ್ವಲ್ಪ ದಿನದಲ್ಲಿ ಹುಡುಗಿ ಹಾಲುಹಲ್ಲು ಉದುರಿಸಿ, ಎತ್ತರವಾಗಿ, ಅತ್ತೆಯದೇ ಕಾಲೇಜು ಸೇರಿ, ಈಗ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಕೂರುವಷ್ಟಾಗಿದ್ದಳು. ದೂರದ ಊರೊಂದರಲ್ಲಿ ಮೀನು ಸಾಕಣೆಯ ಕೋರ್ಸಿಗೆ ಸೀಟೂ ಸಿಕ್ಕಿತ್ತು. ಈ ಸಲ ಎಲ್ಲದರಲ್ಲೂ ಪಾಸಾದರೆ ಸೀಟು ಅವಳದು. ಹೊಸ ಸೂಟ್‌ಕೇಸು ಆಗಲೇ ಮನೆಗೆ ಬಂದು ನಡುಕೋಣೆಯಲ್ಲಿ ಕಾಲಿಗೆ ಅಡ್ಡವಾಗಿ ಕೂತಿತ್ತು.

ಮೇಡಂ ಪ್ರಿನ್ಸಿಪಾಲರಿಗೆ ಮುಂಚೆಯೇ ಹೇಳಿದ್ದರು. "ಸರ್, ನಮ್ಮನೆ ಹುಡುಗಿನೇ ಪರೀಕ್ಷೆ ಬರೀತಾಳೆ. ನಾನಿರೋದು ಸರಿಯಲ್ಲ."

"ಇರೋರು ನೀವೊಬ್ರೇ ಅಲ್ವಾ? ಜಾಡಿ ಇಡಿ, ಸರಿಯುತ್ತರದ ಕೀ ಬರ್ದುಕೊಡಿ. ತಿದ್ದೋಕೆ ಹೊರಗಿನ ಪರೀಕ್ಷಕರು ಬರ್ತಾರೆ. ನೀವು ಪೇಪರ್ ಮುಟ್ಟೋದೇ ಬೇಡ" ಎಂದು ಅವರು ಕೈ ಆಡಿಸಿಬಿಟ್ಟಿದ್ದರು.

ಪರೀಕ್ಷೆಯ ಮುಖ್ಯ ಭಾಗಕ್ಕೆ ಸ್ಪಾಟಿಂಗ್ ಎನ್ನುತ್ತಾರೆ. ಉದ್ದನೆಯ ಕಪ್ಪು ಮೇಜಿನ ಮೇಲೆ, ಪ್ರಾಣಿಗಳು ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ತುಂಬಿದ ಜಾಡಿಗಳನ್ನು ಸಾಲಾಗಿ ಇಡುತ್ತಾರೆ. ಹೆಸರಿನ ಚೀಟಿಯ ಮೇಲೆ ಬಿಳಿ ಕಾಗದ ಅಂಟಿಸಿ ಬರೀ ನಂಬರು ಹಾಕುತ್ತಾರೆ. ಗಂಟೆ ಬಾರಿಸಿದಾಗಲೆಲ್ಲ ವಿದ್ಯಾರ್ಥಿಗಳು ಒಂದು ಜಾಡಿಯಿಂದ ಮುಂದಿನದಕ್ಕೆ ಸರಿಯಬೇಕು. ಒಳಗಿರುವ ಪ್ರಾಣಿ ಯಾವುದು, ಕಾರ್ಡೇಟೋ ಅಲ್ಲವೋ, ಯಾವ ವರ್ಗ, ಯಾಕೆ, ಇಷ್ಟನ್ನೂ ಮುಂದಿನ ಗಂಟೆ ಬಾರಿಸುವುದರೊಳಗೆ ಬರೆಯಬೇಕು.

ಕೇಳಲಿಕ್ಕೆ ಇದು ಭಾರಿ ವೈಜ್ಞಾನಿಕವಾಗಿಯೇ ಇದೆ. ಆದರೆ ಆ ಲ್ಯಾಬಿನಲ್ಲಿ ಜಾಡಿಯೊಳಗಿನ ಪ್ರಾಣಿಯನ್ನು ನೋಡಿ ಉತ್ತರ ಬರೆದವರು ಯಾರೂ ಇರಲಿಲ್ಲ. ಎಲ್ಲರೂ ನೋಡುತ್ತಿದ್ದುದು ಮುಚ್ಚಳವನ್ನು. ಮೇಣ ಮೆತ್ತಿದ ಮುಚ್ಚಳದ್ದು ಆಂಫಿಯಾಕ್ಸಸ್. ನೀಲಿ ಬಣ್ಣ ಸಿಡಿದದ್ದು ಕಡಲಕುದುರೆ. ಹಿಡಿ ಮುರಿದ ಗಾಜಿನ ಬಿರಡೆಯದು ಬಾವಲಿ. ಉದ್ದನೆಯ ಕಾಫಿಪುಡಿ ಜಾಡಿಯಲ್ಲಿರುವುದು ಎರೆಹುಳುವಿನಂತೆ ಕಾಣುವ, ಆದರೆ ಕಪ್ಪೆಯ ಬಳಗಕ್ಕೆ ಸೇರಿದ ಕಾಲಿಲ್ಲದ ಉಭಯವಾಸಿ. ಬಿರುಕುಬಿಟ್ಟು ದಾರ ಸುತ್ತಿಸಿಕೊಂಡ ಮುಚ್ಚಳದ್ದು ಕಡಲಪ್ರಾಣಿ ಸ್ಪಂಜು. ಈ ವಿದ್ಯೆಯನ್ನು ಹಿರಿಯರು ಕಿರಿಯರಿಗೆ ಕಾಲೇಜು ಬಿಡುವ ಮೊದಲು ಧಾರೆಯೆರೆದು ಹೋಗುತ್ತಿದ್ದರು. ಇದು ಗೊತ್ತಾದ ವರ್ಷ ಮೇಡಂ ಕೆಂಡಾಮಂಡಲವಾಗಿ ಮುಚ್ಚಳಗಳನ್ನೆಲ್ಲ ಅದಲುಬದಲು ಮಾಡಿಸಿದ್ದರು. ಯಾವುದೂ ಯಾವುದಕ್ಕೂ ಕೂರದೆ ಫಾರ್ಮಲಿನ್ ಆವಿಯಾಗಿ ಲ್ಯಾಬಿನಲ್ಲಿ ಎಲ್ಲರ ಕಣ್ಣಲ್ಲೂ ನೀರು. ಅಟೆಂಡರ್ ಮತ್ತೆ ಅವನ್ನು ಇದ್ದಲ್ಲಿಗೇ ಹಾಕಿದ. ಮೇಡಂ ಅಂದಿನಿಂದ ಆ ಗೋಜಿಗೇ ಹೋಗಲಿಲ್ಲ. ಅಷ್ಟೇ ಏಕೆ, ಪಾಠ ಮಾಡುವಾಗ "ಆ ದಾರದ್ದು ತಗೊಂಬಾ" ಎಂದು ಅವರೇ ಹೇಳುವ ಮಟ್ಟಕ್ಕೆ ಬಂದಿದ್ದರು.

ಆ ಬೆಳಿಗ್ಗೆಯೂ ಒಂದು ಕೈಯಲ್ಲಿ ಚಹಾದ ಲೋಟ ಹಿಡಿದು, ಇನ್ನೊಂದು ಕೈಯಿಂದ ನಂಬರು ಅಂಟಿಸುತ್ತಾ ಹೋದರು. ಐದನೇ ನಂಬರು ದಾರದ ಮುಚ್ಚಳಕ್ಕೆ ಬಿತ್ತು. ಕೀ ಹಾಳೆಯಲ್ಲಿ ಐದರ ಮುಂದೆ "ಸ್ಪಂಜು, ಕಾರ್ಡೇಟ್ ಅಲ್ಲ" ಎಂದು ಬರೆದು, ಹೊರಗಿನ ಪರೀಕ್ಷಕರ ಮೇಜಿನ ಮೇಲಿಟ್ಟು, ಉಸ್ಸಪ್ಪಾ ಎಂದು ಕೂತರು.

ಪರೀಕ್ಷೆಗೆ ಬಂದವರಲ್ಲಿ ಒಬ್ಬಳನ್ನು ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದರು. ಮದುವೆ, ಮಕ್ಕಳು ಅಂತ ಓದು ಬಿಟ್ಟು, ವರ್ಷಗಳಾದ ಮೇಲೆ ಮತ್ತೆ ಹಿಡಿದವಳು. ಹೆರಿಗೆಯಿಂದ ಒಂದು ಸಲ, ಗಂಡನ ಅಪಘಾತದಿಂದ ಇನ್ನೊಂದು ಸಲ ಈ ಪರೀಕ್ಷೆ ತಪ್ಪಿತ್ತು. ನಿಯಮದ ಪ್ರಕಾರ ಇದೇ ಅವಳ ಕೊನೆಯ ಅವಕಾಶ. ಇದೂ ಹೋದರೆ ಡಿಗ್ರಿಯೇ ಇಲ್ಲ. ಡಿಗ್ರಿ ಇಲ್ಲದಿದ್ದರೆ ಅವಳು ಪಾಠ ಹೇಳುತ್ತಿದ್ದ ಶಾಲೆಯವರು ಮುಂದಿನ ವರ್ಷ ಬಾಗಿಲ ಒಳಗೂ ಬಿಡುವುದಿಲ್ಲ. ಹುಡುಗರೆಲ್ಲ ಲ್ಯಾಬಿನಲ್ಲಿ ಸೇರಿ ಮುಚ್ಚಳ ಬಾಯಿಪಾಠ ಮಾಡುವ ಹೊತ್ತಿಗೆ ದೊಡ್ಡಕ್ಕ ಮಕ್ಕಳಿಗೆ ಊಟ ಹಾಕಲು ಮನೆಗೆ ಓಡುತ್ತಿದ್ದಳು. ಹೀಗಾಗಿ ಅವಳಿಗೆ ಆ ವಿದ್ಯೆ ದಕ್ಕಿರಲಿಲ್ಲ. ಪುಸ್ತಕದ ಚಿತ್ರಗಳನ್ನು ನೋಡಿಕೊಂಡೇ ಕಲಿತಿದ್ದಳು, ಪಾಪ.

ಗಂಟೆ ಬಾರಿಸಿತು, ಸಾಲು ಸರಿಯಿತು. ದೊಡ್ಡಕ್ಕ ಒಂದೊಂದು ಜಾಡಿಗೂ ಬಗ್ಗಿ, ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ ನೋಡುತ್ತಿದ್ದುದನ್ನು ಕಂಡು ಮೇಡಂಗೆ ಕಸಿವಿಸಿಯಾಯಿತು. ಇವಳು ಹೀಗೆ ನಿಂತರೆ ಹಿಂದಿನವರು ಏನು ಮಾಡಬೇಕು ಎಂದು ಸಿಡಿಮಿಡಿಗೊಂಡರು. ಚೂಟಿಯದು ಬೆಳಿಗ್ಗೆ ಸ್ಲೈಡ್ ಮಾಡುವಾಗ ಗಾಜು ಒಡೆದು ಆ ಭಾಗದ ಅಂಕ ಹೋಗಿತ್ತು. ಇನ್ನು ಸ್ಪಾಟಿಂಗ್‌ನಲ್ಲಿ ಒಂದೂ ತಪ್ಪದಿದ್ದರೆ ಮಾತ್ರ ಅವಳು ದಡ ಸೇರುವುದು. ಮೇಡಂ ಅತ್ತ ನೋಡಲೇಬಾರದೆಂದು ಕಿಟಕಿಯ ಹೊರಗೆ ನೋಡುತ್ತಾ ಕೂತರು.

ಮಧ್ಯಾಹ್ನ ಹೊರಗಿನ ಪರೀಕ್ಷಕರು ತಿದ್ದಲು ಕೂತರು. ಅವರೂ ಊರೂರು ಸುತ್ತಿ ಹೈರಾಣಾದ ಮನುಷ್ಯ. ಸೊಂಟನೋವಿಗೆ ಕುರ್ಚಿಯಲ್ಲಿ ದಿಂಬು ಇಟ್ಟುಕೊಂಡು, ಕೀ ಹಾಳೆಯನ್ನು ಮುಂದಿಟ್ಟು, ಸರಸರನೆ ಗೆರೆ ಎಳೆಯುತ್ತಾ ಹೋದರು. ಕೊನೆಕೊನೆಗೆ ಒಂದು ಪೇಪರಿನ ಮೇಲೆ ಪೆನ್ನು ನಿಂತಿತು.

"ನೋಡಿ ಮೇಡಂ, ಇಡೀ ಕ್ಲಾಸಿಗೆ ಕ್ಲಾಸೇ ಐದಕ್ಕೆ ಸ್ಪಂಜು ಅಂದ್ರೆ ಇಲ್ಲೊಬ್ರು ಕಾರ್ಡೇಟ್ ಅಂದಿದ್ದಾರೆ!" ಎಂದು ನಕ್ಕು ಓದಿದರು. "'ಅಸಿಡಿಯಾ. ಮರಿಯಾಗಿದ್ದಾಗ ನೋಟೋಕಾರ್ಡ್, ನರಹುರಿ, ಬಾಲ ಎಲ್ಲ ಇರುತ್ತದೆ. ಬಂಡೆಗೆ ಅಂಟಿಕೊಂಡು ಬೆಳೆದ ಮೇಲೆ ಅವೆಲ್ಲ ಕರಗಿ ಕಿವಿರಿನ ಸೀಳು ಮಾತ್ರ ಉಳಿಯುತ್ತದೆ. ಆದರೂ ಕಾರ್ಡೇಟ್.' ಉತ್ತರ ಚೆನ್ನಾಗಿದೆ, ಆದ್ರೆ ಜಾಡಿ ಬೇರೆ. ಪಾಪ, ಇದೊಂದು ಸಿಕ್ಕಿದ್ರೆ ಪಾಸಾಗ್ತಿದ್ರು."

ಪೇಪರಿನ ಮೇಲಿನ ವಿದ್ಯಾರ್ಥಿಯ ನಂಬರು ನೋಡಬೇಕಾಗಿಯೇ ಇರಲಿಲ್ಲ. ದುಂಡಗಿನ, ಶಾಲೆಯ ಬೋರ್ಡಿನ ಮೇಲೆ ಬರೆದು ರೂಢಿಯಾದ ಅಕ್ಷರ ದೊಡ್ಡಕ್ಕನದೇ. ಮೇಡಂಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಓದಿದವಳು ಸ್ಪಂಜನ್ನು ಗುರುತಿಸಲಾರದೆ ಹೋದಳಲ್ಲ, ಕೊನೇ ಅವಕಾಶವನ್ನು ಕೈಯಾರೆ ಹಾಳುಮಾಡಿಕೊಂಡಳಲ್ಲ ಎಂದುಕೊಂಡು ಎದ್ದರು. ಪೇಪರು ಮುಟ್ಟುವ ಹಾಗಿರಲಿಲ್ಲ, ಜಾಡಿ ಮುಟ್ಟಬಹುದಿತ್ತು. ಐದನೇ ಜಾಡಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

ಹಳದಿಗಟ್ಟಿದ ನೀರಿನಲ್ಲಿ ಒಂದು ತೊಗಲಿನ ಚೀಲ ಕೂತಿತ್ತು. ಅದರ ಮೇಲೆ ಎರಡು ಮೊಟಕು ಕೊಳವೆ, ಎರಡು ಬಾಯಿ. ಒಂದರಿಂದ ನೀರು ಒಳಕ್ಕೆ, ಇನ್ನೊಂದರಿಂದ ಹೊರಕ್ಕೆ. ಸ್ಪಂಜಿಗೆ ಮೈತುಂಬ ಸಣ್ಣ ತೂತು, ತುದಿಯಲ್ಲೊಂದು ದೊಡ್ಡದು ಇರುತ್ತದೆ. ಎರಡು ಬಾಯಿ ಇರುವುದಿಲ್ಲ.

ಮೇಡಂ ಜಾಡಿಯನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ತಂದರು. ಇದು ಅಸಿಡಿಯಾ ಎನ್ನುವುದಷ್ಟೇ ಅಲ್ಲ, ಇದು ತನ್ನದೇ ಅಸಿಡಿಯಾ. ಓದುವ ದಿನಗಳಲ್ಲಿ ಕಡಲ ದಡಕ್ಕೆ ಹೋಗಿದ್ದಾಗ, ಬಂದರಿನ ಕಂಬಕ್ಕೆ ಅಂಟಿಕೊಂಡದ್ದನ್ನು ತಾನೇ ಮೊಣಕಾಲುದ್ದದ ನೀರಿನಲ್ಲಿ ನಿಂತು ಕಿತ್ತು ತಂದು, ಕೆಲಸಕ್ಕೆ ಸೇರಿದ ಮೇಲೆ ಈ ಲ್ಯಾಬಿಗೆ ಕೊಟ್ಟದ್ದು. ಹಿಂಡಿದಾಗ ಮುಖಕ್ಕೆಲ್ಲ ನೀರು ಚಿಮ್ಮಿತ್ತು. ಜತೆಯವುಗಳ ಮರಿಗಳನ್ನು ಗಾಜಿನ ಬಟ್ಟಲಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಕಪ್ಪೆಮರಿಯಂತೆ ಬಾಲ ಬಡಿಯುತ್ತಾ ಈಜುತ್ತಿದ್ದವು. ಬೆನ್ನಲ್ಲಿ ಕೋಲು ಸ್ಪಷ್ಟವಾಗಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ತಲೆಯನ್ನು ಗಾಜಿಗೆ ಅಂಟಿಸಿಕೊಂಡು, ಬಾಲವನ್ನು ಒಳಗೆಳೆದು ಕರಗಿಸಿಕೊಂಡು, ಜೀವಮಾನವಿಡೀ ಇನ್ನು ಕದಲುವುದಿಲ್ಲ ಎಂಬಂತೆ ಕೂತುಬಿಟ್ಟವು. ಅದನ್ನು ನೋಡಿ, ಆಗಿನ್ನೂ ಹುಡುಗಿಯಾಗಿದ್ದ ಮೇಡಂ ಇಡೀ ಹಾಸ್ಟೆಲಿಗೆ ಕೇಳುವಂತೆ ಕೂಗಿದ್ದರು. ಪ್ರಾಣಿಶಾಸ್ತ್ರವೇ ನನ್ನ ಬದುಕು ಎಂದು ತೀರ್ಮಾನ ಮಾಡಿದ್ದೇ ಆ ದಿನ. ಅಂಥದ್ದನ್ನು ಈ ಬೆಳಿಗ್ಗೆ ಕೈಯಲ್ಲಿ ಎತ್ತಿಟ್ಟು, ನಂಬರು ಅಂಟಿಸಿ, ಸ್ಪಂಜು ಎಂದು ಬರೆದಿದ್ದರು. ಮೇಡಂಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಅಟೆಂಡರ್‌ನನ್ನು ಕರೆದು ಕೇಳಿದರು. ಅವನು ಹಣೆ ಚಚ್ಚಿಕೊಂಡ.

"ರಜೆಯಲ್ಲಿ ಸ್ಪಂಜು ಕೊಳೆತು ಗಂಜಿಯಾಗಿತ್ತಲ್ಲ ಮೇಡಂ, ಬಿಸಾಕ್ದೆ. ಈ ಚೀಲದ ಜಾಡಿನೂ ತಳ ಸೀಳಿ ಸೋರ್ತಿತ್ತು. ಇದನ್ನ ಸ್ಪಂಜಿನ ಖಾಲಿ ಜಾಡಿಗೆ ಹಾಕ್ಲಾ ಅಂತ ನಿಮ್ಮನ್ನೇ ಕೇಳಿದ್ನಲ್ಲ. ನೀವು ಹ್ಞೂಂ ಅಂದ್ರಿ."

ಅಂದಿರಬಹುದು. ಯಾರು ಏನು ಕೇಳಿದರೂ ಹ್ಞೂಂ ಅನ್ನುವುದು ಅವರಿಗೆ ಉಸಿರಾಟದಷ್ಟೇ ಸಹಜವಾಗಿಹೋಗಿತ್ತು. ಅವನನ್ನು ಬೈದು ಪ್ರಯೋಜನವಿರಲಿಲ್ಲ.

ಜಾಡಿಯನ್ನು ತಂದು ಪರೀಕ್ಷಕರ ಮುಂದಿಟ್ಟರು. "ಕೀ ತಪ್ಪು ಸರ್. ನಂದೇ ತಪ್ಪು. ಆಯಮ್ಮ ಬರೆದಿದ್ದೇ ಸರಿ."

ಪರೀಕ್ಷಕರು ಕನ್ನಡಕ ಹಣೆಗೇರಿಸಿ ನೋಡಿದರು, ತಿರುಗಿಸಿ ನೋಡಿದರು, ಜಾಡಿಯನ್ನು ಕೆಳಗಿಟ್ಟರು. "ಅಯ್ಯೋ ರಾಮ. ಅಂದ್ರೆ ಉಳಿದವರದ್ದೆಲ್ಲ?"

"ಮುಚ್ಚಳ ನೋಡಿ ಬರೆದಿದ್ದಾರೆ. ನನ್ನ ಹಾಗೇ." ಮೇಡಂ ಕುರ್ಚಿಯಲ್ಲಿ ಕುಸಿದರು. "ಎಲ್ಲರಿಗೂ ಕೊಟ್ಟುಬಿಡಿ ಸರ್. ಎರಡೂ ಸರಿ ಅಂತ."

"ಅದಾಗಲ್ಲ. ಪ್ರಶ್ನೆ ತಪ್ಪಿದ್ರೆ ಕೊಡಬಹುದಿತ್ತು. ಪ್ರಾಣಿ ಕಣ್ಣೆದುರಿಗೇ ಕೂತಿದೆ. ಇದನ್ನ ಸ್ಪಂಜು ಅಂದವರಿಗೆ ಅಂಕ ಕೊಟ್ಟು ನಾನು ಸಹಿ ಹಾಕೋದಿಲ್ಲ." ಅವರು ಸೊಂಟದ ಹಿಂದಿನ ದಿಂಬು ಸರಿಮಾಡಿಕೊಂಡು ದನಿ ತಗ್ಗಿಸಿದರು. "ಮೇಡಂ, ನಿಮ್ಮ ಹುಡುಗೀನೂ ಇದ್ದಾಳಲ್ವಾ ಇದ್ರಲ್ಲಿ? ಬೆಳಿಗ್ಗೆ ಸ್ಲೈಡು ಒಡೆದ್ಲಲ್ಲ, ಅವಳೇ ತಾನೆ? ಕೀ ತಿದ್ದಿದ್ರೆ ಅವಳದ್ದೂ ಹೋಗುತ್ತೆ, ಇನ್ನೂ ಕೆಲವರದ್ದೂ ಹೋಗುತ್ತೆ. ಕೀ ನಿಮ್ಮದು, ಜವಾಬ್ದಾರಿ ನಿಮ್ಮದು. ತಿದ್ದಿಕೊಟ್ರೆ ಹಾಗೆ ತಿದ್ತೀನಿ. ಹೀಗೇ ಇರಲಿ ಅಂದ್ರೆ ಹೀಗೇ ಲಕೋಟೆ ಮುಚ್ತೀನಿ. ಈ ಜಾಡಿ ತೆಗೆದು ನೋಡೋರು ಯಾರಿದ್ದಾರೆ?"

ಯಾರೂ ಇರಲಿಲ್ಲ, ನಿಜ. ಮೇಡಂ ಕೀ ಹಾಳೆಯನ್ನು ಎದುರಿಗಿಟ್ಟುಕೊಂಡು ಕೂತರು. ಮೂಲೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವರಿಗೆ ಬೇಕಾಗಿದ್ದುದು ಒಂದೇ, ಮನೆಗೆ ಹೋಗಿ ಮಲಗುವುದು. ಚೂಟಿಯ ಸೂಟ್‌ಕೇಸು ಕಣ್ಣಮುಂದೆ ಬಂತು. ಹುಡುಗಿ ಅದರೊಳಗೆ ಆಗಲೇ ಎರಡು ಟವೆಲ್ಲು ಮಡಿಸಿಟ್ಟಿದ್ದಳು. ಅಪ್ಪ ಬಿಟ್ಟುಹೋದ ಮಗು, ಏನೂ ಕೇಳದೆ ಬೆಳೆದ ಮಗು. ಬಾಯಿಬಿಟ್ಟು ಆಸೆಪಟ್ಟದ್ದು ಇದೊಂದನ್ನೇ. ಚೂಟಿ ಮತ್ತೆ ಪರೀಕ್ಷೆ ಬರೆಯಬಹುದು, ಆದರೆ ಸೀಟು ಕಾಯುವುದಿಲ್ಲ. ದೊಡ್ಡಕ್ಕನಿಗೆ ಮತ್ತೆ ಬರೆಯುವುದೇ ಇಲ್ಲ. ಆ ಗಳಿಗೆಯಲ್ಲಿ ಮೇಡಂಗೆ ದೊಡ್ಡಕ್ಕನ ಮೇಲೆ ಎಂಥ ಕೋಪ ಬಂತೆಂದರೆ, ಎಲ್ಲರ ಹಾಗೆ ಮುಚ್ಚಳ ನೋಡಿ ಬರೆಯಬಾರದಿತ್ತಾ ಇವಳಿಗೆ, ಯಾರು ಹೇಳಿದ್ದರು ಒಳಗೆ ಇಣುಕಲಿಕ್ಕೆ ಎಂದು ಬಾಯಲ್ಲೇ ಬಂದುಬಿಡುತ್ತಿತ್ತು. ನಾಲಿಗೆ ಕಚ್ಚಿಕೊಂಡರು.

ಪರೀಕ್ಷಕರು ಗಡಿಯಾರ ನೋಡಿದರು.

ಮೇಡಂ ಪೆನ್ನು ತೆಗೆದು ಐದರ ಮುಂದಿನ ಸ್ಪಂಜನ್ನು ಹೊಡೆದು ಹಾಕಿದರು. "ಅಸಿಡಿಯಾ, ಕಾರ್ಡೇಟ್" ಎಂದು ಬರೆದು ಸಹಿ ಹಾಕಿದರು. ದೊಡ್ಡ ಕೆಲಸ ಮಾಡಿದೆ ಎಂಬ ಭಾವನೆಯೇನೂ ಬರಲಿಲ್ಲ. ಪರೀಕ್ಷಕರು ಪೇಪರುಗಳನ್ನು ಮೊದಲಿನಿಂದ ತೆಗೆದು ಮತ್ತೆ ಗೆರೆ ಎಳೆಯತೊಡಗಿದರು. ಮೇಡಂ ಅತ್ತ ಬೆನ್ನು ಮಾಡಿ ಜಾಡಿಗಳನ್ನು ಕಪಾಟಿಗೆ ಜೋಡಿಸಿದರು.

ಗೇಟಿನ ಹತ್ತಿರ ದೊಡ್ಡಕ್ಕ ಇನ್ನೂ ನಿಂತಿದ್ದಳು. ಕಾಲೆಳೆಯುತ್ತಾ ಬಂದ ಮೇಡಂ ಮುಖ ನೋಡಿ ಎರಡು ಹೆಜ್ಜೆ ಮುಂದೆ ಬಂದಳು. ಫಲಿತಾಂಶ ಹೇಳುವಂತಿರಲಿಲ್ಲ. "ಮಕ್ಕಳು ಕಾಯ್ತಿರ್ತವೆ, ಮನೆಗೆ ಹೋಗಮ್ಮ. ಆರಾಮಾಗಿ ಹೋಗು" ಎಂದಷ್ಟೇ ಮೇಡಂ ಹೇಳಿದರು. ದೊಡ್ಡಕ್ಕನಿಗೆ ಏನು ಅರ್ಥವಾಯಿತೋ, ಸೆರಗಿನಿಂದ ಮೂಗು ಒರೆಸಿಕೊಂಡು ಬಸ್ಸಿನ ಕಡೆ ಓಡಿದಳು.

ಮನೆಯಲ್ಲಿ ಚೂಟಿ ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಅತ್ತೆ ಚಪ್ಪಲಿ ಬಿಟ್ಟು, ಬ್ಯಾಗನ್ನು ಹೆಗಲಿಂದ ಇಳಿಸದೆಯೇ ಬಾಗಿಲಲ್ಲಿ ನಿಂತರು. ದಾರಿಯುದ್ದಕ್ಕೂ ಹೇಗೆ ಹೇಳುವುದು ಎಂದು ಯೋಚಿಸಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. ನಿಯಮ ಗಿಯಮ ಎಲ್ಲ ಗಾಳಿಗೆ ತೂರಿ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟರು. ಜಾಡಿಯಲ್ಲಿ ಇದ್ದದ್ದು ಸ್ಪಂಜಲ್ಲ, ತಾನು ನೋಡದೆ ಕೀ ಬರೆದದ್ದು, ಆಮೇಲೆ ತಿದ್ದಿದ್ದು, ಅದರಿಂದ ಅವಳ ಅಂಕ ಹೋದದ್ದು.

ಚೂಟಿಯ ಕೈ ನಿಂತಿತು. ಒಂದು ಬಟಾಣಿ ಉರುಳಿ ಒಲೆಯ ಕೆಳಗೆ ಹೋಯಿತು.

"ಅಂದ್ರೆ ನಾನು ಫೇಲು."

"ಹ್ಞೂಂ."

"ಸೀಟು?"

ಅತ್ತೆ ಹುಡುಗಿಯ ಪಕ್ಕದಲ್ಲೇ ನೆಲಕ್ಕೆ ಕೂತು, "ಬಯ್ಯೇ ನನ್ನ. ಎಷ್ಟು ಬೇಕೋ ಅಷ್ಟು ಬಯ್ದುಬಿಡು. ಪಾಠ ಮಾಡುವಾಗ ನಾನೇ ಅಲ್ವಾ ದಾರದ್ದು ಸ್ಪಂಜು ಅಂತ ಹೇಳಿಕೊಟ್ಟಿದ್ದು. ನಿನ್ನದೇನು ತಪ್ಪು? ಅದು ಸ್ಪಂಜಲ್ಲ ಅಂತ ನಿಂಗೆ ಹೇಗೆ ಗೊತ್ತಾಗ್ಬೇಕು?" ಎಂದರು.

ಚೂಟಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಉಗುರಿನೊಳಗಿನ ಹಸಿರನ್ನು ಕೆರೆಯುತ್ತಾ ಹೇಳಿದಳು.

"ಗೊತ್ತಿತ್ತು ಅತ್ತೆ. ಎರಡು ಬಾಯಿ ಕಾಣ್ತಿತ್ತು. ಅಸಿಡಿಯಾ ಅಂತ ಬರೆಯೋಕೂ ಶುರುಮಾಡಿದ್ದೆ."

"ಮತ್ತೆ?" ಮೇಡಂ ಬ್ಯಾಗನ್ನು ಹೆಗಲಿಂದ ಇಳಿಸಿದರು. "ಮತ್ಯಾಕೆ ಹೊಡೆದುಹಾಕಿ ಸ್ಪಂಜು ಅಂತ ಬರೆದೆ?"

"ಕೀ ಬರೆಯೋದು ನೀನಲ್ವಾ." ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ದಿನವೂ ಕಾಣುವ ಸಂಗತಿಯನ್ನು ಹೇಳುವ ಹಾಗೆ ಹೇಳಿದಳು. "ಸಾರಿಗೆ ಎರಡೆರಡು ಸಲ ಉಪ್ಪು ಹಾಕ್ತೀಯ. ನಾನು ಕೂದಲು ಕತ್ತರಿಸಿಕೊಂಡು ಬಂದು ವಾರ ಆದ್ಮೇಲೆ ನೋಡಿದೆ. ಒಳಗೆ ಏನಿದ್ರೂ ನೀನು ಸ್ಪಂಜು ಅಂತಾನೇ ಬರೆದಿರ್ತೀಯ ಅಂತ ಗೊತ್ತಿತ್ತು. ನಂಗೆ ಪಾಸಾಗ್ಬೇಕಿತ್ತು."

ಮೇಡಂ ಅವಳ ಮುಖವನ್ನೇ ನೋಡಿದರು. ಕಣ್ಣ ಕೆಳಗೆ ಕಪ್ಪು ಬಂದಿತ್ತು. ಯಾವಾಗ ಬಂದದ್ದೋ. ಚೂಟಿಗೆ ಈಗ ಅಳು ಬಂತು. ಬಟಾಣಿ ವಾಸನೆಯ ಕೈಯಲ್ಲೇ ಕಣ್ಣು ಒರೆಸಿಕೊಂಡಳು.

"ನೀನು ಇವತ್ತು ನೋಡ್ತೀಯ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ ಅತ್ತೆ" ಎಂದಳು.